ಆಳಿನ ಕೊರತೆ ಮತ್ತು ಹೆಚ್ಚು ಹೊತ್ತಿನ ಕೂಲಿ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮಳೆ ಕೈಕೊಟ್ಟು ಶೇಂಗಾ ಹೋದ ವರ್ಷ ಅಲ್ಲಿನ ಕುಟುಂಬಗಳು ಘಟ್ಟದ ತೋಟಗಳಿಗೆ ಕೂಲಿಗೆ ಬರುತ್ತವೆ. ಹತ್ತು ಆಳು ಬೇಕಾದಲ್ಲಿ ಆರೇ ಬಂದರೆ, ಆ ಆರು ಮಂದಿ ಕತ್ತಲಾದರೂ ದುಡಿಯಲೆಂದು ಬಯಸುವುದುಂಟು. ಬಿಡಿಸಿದ ಕಾಫಿ ಹಣ್ಣನ್ನು ಅಂದೇ ಪಲ್ಪ್ ಮಾಡಬೇಕು, ಹಸಿ ಅಡಿಕೆ ಸುಲಿಯುವುದೂ ತಡವಾಗಬಾರದು, ನಿಜ. ಆದರೆ ಆಳಿನ ಕೊರತೆಯ ಹೊರೆ ತೋಟದವರಾದ ನಮ್ಮದು, ಬಂದವರದಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ, ನಿಗದಿತ ವೇಳೆ ಮೀರಿದ ದುಡಿಮೆಗೆ ಕನಿಷ್ಠ ಎರಡು ಪಟ್ಟು ದರ ಸಲ್ಲಬೇಕು. ಉದಾಹರಣೆಗೆ, 8 ಗಂಟೆಗೆ 560 ರೂಪಾಯಿ ಕೂಲಿಯಾದರೆ ಗಂಟೆಗೆ 70. ಹೆಚ್ಚಿನ 2 ಗಂಟೆಗೆ 280 ರೂಪಾಯಿ. ಮೊದಲು ಒಪ್ಪಿಗೆ ಕೇಳೋಣ, ಹಾಜರಿ ಪುಸ್ತಕದಲ್ಲಿ ವೇಳೆ ಬರೆಯೋಣ, ಆಯಾ ಬಟವಾಡೆಯಲ್ಲೇ ಕೊಡೋಣ. ಲೆಕ್ಕ ನೇರವಾಗಿರುವ ತೋಟಕ್ಕೆ ಆಳು ಮರುವರ್ಷವೂ ಹುಡುಕಿಕೊಂಡು ಬರುತ್ತಾರೆ.