ಬಯಲ ಬೀಡು

ಮನೆ, ಛತ್ರ, ವಸತಿಗೃಹಗಳಾವುವೂ ಇಲ್ಲದ ಕಡೆಯಲ್ಲಿ, ಅಡವಿಯ ಅಂಚಿನಲ್ಲಿಯೋ ಕೆರೆಯ ಸಮೀಪದಲ್ಲಿಯೋ ಒಂದೆರಡು ರಾತ್ರಿ ತಂಗಿ, ತನ್ನ ಅಡಿಗೆಯನ್ನು ತಾನೇ ಮಾಡಿಕೊಂಡು, ಬೆಳಗಾದ ಮೇಲೆ ಆ ಸ್ಥಳವನ್ನು ಮೊದಲಿದ್ದಂತೆಯೇ ಬಿಟ್ಟು ಹೊರಡುವದಕ್ಕೆ ಬಯಲ ಬೀಡು ಎಂದು ಹೆಸರಿಡಬಹುದು. ಇಲ್ಲಿ ಬಾಡಿಗೆಯಿಲ್ಲ, ನಳದ ನೀರಿಲ್ಲ, ದೀಪವಿಲ್ಲ, ಕಾವಲುಗಾರನಿಲ್ಲ. ಪಟ್ಟಣಿಗರು ಇದನ್ನು ಹೊಸ ವಿನೋದವೆಂದು ಈಗ ಕಲಿಯುತ್ತಿರುವರು. ಆದರೆ ಜತ್ತ ತಾಲೂಕಿನ ಸೊರಡಿ ಮೊದಲಾದ ಊರುಗಳ ವಿದ್ಯಾರ್ಥಿಗಳಿಗೆ ಬೀಡು ಎಂಬ ಮಾತು ಅಪರಿಚಿತವಾಗಿರಲಾರದು. ಸುಗ್ಗಿ ಮುಗಿದ ಹೊಲದಲ್ಲಿ ಹಿಂಡಿನೊಡನೆ ಇಳಿದುಕೊಂಡ ಕುರುಬರ ಒಲೆಯ ಬೆಳಕನ್ನು ಕಾಣದ ಮಗು ಈ ಭಾಗದಲ್ಲಿ ವಿರಳ. ಆದುದರಿಂದ ಈ ಪಾಠವನ್ನು ನಾವು ಅವರಿಂದಲೇ ಆರಂಭಿಸುವದು ಯೋಗ್ಯ.

೧. ನಮ್ಮ ನಾಡಿನ ಬೀಡುಗಾರರು

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಜತ್ತ ಸೀಮೆ ಒಣ ಪ್ರದೇಶ. ಇಲ್ಲಿ ಪೈರಿನಷ್ಟೇ ಕುರಿಯೂ ಬಾಳಿಗೆ ಆಧಾರ. ಈ ತಾಲೂಕಿನ ಮಾಡಗ್ಯಾಳ ಎಂಬ ಊರು ತನ್ನ ಹೆಸರಿನ ಕುರಿತಳಿಯಿಂದಲೇ ದೂರದವರೆಗೆ ಪ್ರಸಿದ್ಧವಾಗಿದೆ. ಮೇವು ತೀರಿದಂತೆ ಕುರುಬರು ಹಿಂಡನ್ನು ಹೊಡೆದುಕೊಂಡು ಊರಿಂದೂರಿಗೆ ಸಾಗುತ್ತಾರೆ. ರೈತನು ಅವರನ್ನು ಕರೆದು ತನ್ನ ಬರಿದಾದ ಹೊಲದಲ್ಲಿ ಕುರಿ ತರುಬಿಸುತ್ತಾನೆ. ರಾತ್ರಿಯೆಲ್ಲ ಹಿಂಡು ಮಲಗಿದ ನೆಲಕ್ಕೆ ಹಿಕ್ಕೆ ಮತ್ತು ಮೂತ್ರಗಳ ಗೊಬ್ಬರ ದೊರೆಯುತ್ತದೆ. ಕುರುಬನಿಗೆ ಕಾಳೋ ಹಣವೋ ದೊರೆಯುತ್ತದೆ.

ಅವರ ಬೀಡನ್ನು ಗಮನಿಸಿ ನೋಡಿದರೆ ನಾಲ್ಕು ನಿಯಮಗಳು ಸ್ಪಷ್ಟವಾಗುವವು. ಮೊದಲನೆಯದು, ಹೊಲದ ಒಡೆಯನ ಒಪ್ಪಿಗೆಯಿಲ್ಲದೆ ಅವರು ಬೀಡು ಬಿಡುವದಿಲ್ಲ. ಎರಡನೆಯದು, ನೀರು ನಿಲ್ಲದ, ತುಸು ಎತ್ತರವಾದ ನೆಲವನ್ನೇ ಆರಿಸುವರು. ಮೂರನೆಯದು, ಹೊರುವಷ್ಟೇ ಸಾಮಾನು: ಕಂಬಳಿ, ಒಂದೆರಡು ಪಾತ್ರೆ, ಹಿಂಡಿನ ಸುತ್ತಲೂ ಕಟ್ಟುವ ಬಲೆ. ಕಂಬಳಿಯೊಂದೇ ಅವರಿಗೆ ಹಾಸಿಗೆ, ಹೊದಿಕೆ. ಕೊಪ್ಪೆ ಮಾಡಿದರೆ ಅದೇ ಮಳೆಗೆ ಕೊಡೆ. ನಾಲ್ಕನೆಯದು, ಒಂದೇ ಸ್ಥಳದಲ್ಲಿ ಬಹಳ ದಿನ ನಿಲ್ಲುವದಿಲ್ಲ. ಅವರು ಹೋದ ಮೇಲೆ ಅಲ್ಲಿ ಉಳಿಯುವದು ಮೂರು ಕಲ್ಲು, ಹಿಡಿ ಬೂದಿ ಮತ್ತು ಮುಂದಿನ ಬೆಳೆಗೆ ಗೊಬ್ಬರ. ಬಂದು ಹೋದವನಿಂದ ನೆಲಕ್ಕೆ ಲಾಭವಾಗುವ ಇಂತಹ ವಾಸ್ತವ್ಯವು ಜಗತ್ತಿನಲ್ಲಿ ಅಪರೂಪವೆನ್ನಬೇಕು.

ಹೀಗೆಂದು ಈ ಬಾಳನ್ನು ಸುಖಮಯವೆಂದು ಬಣ್ಣಿಸಲಾಗದು. ಮಳೆ, ಚಳಿ, ತೋಳ, ಕಳ್ಳರ ಭಯಗಳು ಅದರಲ್ಲಿ ತುಂಬಿವೆ. ಮಕ್ಕಳ ವಿದ್ಯೆಗೂ ಅಡ್ಡಿಯುಂಟು. ಆ ಕಷ್ಟದಲ್ಲಿ ತಲೆತಲಾಂತರದಿಂದ ಕಲಿತ ಜಾಣತನವನ್ನು ನಾವು ಗೌರವದಿಂದ ಸ್ವೀಕರಿಸಬೇಕು.

ಯಾತ್ರಿಕರೂ ಬೀಡುಗಾರರೇ. ಇದೇ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ, ವಿಶೇಷವಾಗಿ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ, ಕರ್ನಾಟಕದ ಊರುಗಳಿಂದ ಜನರು ಕಾಲ್ನಡಿಗೆಯಿಂದ ಬರುತ್ತಾರೆ. ದಾರಿಯ ಮರದ ನೆರಳು, ಗುಡಿಯ ಕಟ್ಟೆ ಇವೇ ಅವರ ವಿಶ್ರಾಂತಿಸ್ಥಾನಗಳು. ನಡೆಯುವವನಿಗೆ ನೆರಳು, ನೀರು ಕೊಡುವದು ಪುಣ್ಯವೆಂಬ ಭಾವನೆಯಿಂದಲೇ ನಮ್ಮ ಹಿರಿಯರು ಸಾಲುಮರ ನೆಟ್ಟರು, ಅರವಟ್ಟಿಗೆ ಇಟ್ಟರು.

೨. ಶಿಕ್ಷಣವಾದ ಬೀಡು

ಬೀಡನ್ನು ಬಾಲಕರ ಶಿಕ್ಷಣಕ್ಕೆ ಸಾಧನವಾಗಿ ಮಾಡಿದವರಲ್ಲಿ ಬೇಡನ್ ಪೊವೆಲ್‌ರು ಪ್ರಮುಖರು. ಅವರು ೧೯೦೭ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ನಡುಗಡ್ಡೆಯಲ್ಲಿ, ಶ್ರೀಮಂತರ ಮತ್ತು ದುಡಿಯುವವರ ಮಕ್ಕಳನ್ನು ಒಂದೇ ಡೇರೆಯ ಕೆಳಗೆ ಕೂಡಿಸಿ ಮೊದಲ ಶಿಬಿರವನ್ನು ನಡೆಸಿದರು. ಸ್ಕೌಟ್ ಚಳವಳಿಯ ಮೂಲ ಅದು. ಭಾರತದಲ್ಲಿ ಬೇರೆ ಬೇರೆಯಾಗಿದ್ದ ಸಂಘಗಳು ಕೂಡಿ ೧೯೫೦ರ ನವೆಂಬರ್ ೭ರಂದು ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಾದವು. ಕರ್ನಾಟಕದಲ್ಲಿ ಹರಿಹರದ ಸಮೀಪದ ಕೊಂಡಜ್ಜಿಯಲ್ಲಿ, ಕೆರೆ ಮತ್ತು ಕಾಡುಗಳ ಮಡಿಲಿನಲ್ಲಿಯೇ ಈ ಸಂಸ್ಥೆಯ ತರಬೇತಿ ಕೇಂದ್ರವಿದೆ.

ಬೀಡಿನಲ್ಲಿ ಕಲಿಯುವದೇನು? ಮನೆಯಲ್ಲಿ ಕೊಡ ತುಂಬಿರುವದನ್ನು ಕಾಣುವ ಹುಡುಗನು, ಬೀಡಿನಲ್ಲಿ ಅದನ್ನು ಹೊತ್ತು ತಂದಾಗ ನೀರಿನ ತೂಕವನ್ನು ಅರಿಯುತ್ತಾನೆ. ತಾಯಿ ನಿತ್ಯವೂ ಮಾಡುವ ಕೆಲಸದ ಬೆಲೆ ಅವನಿಗೆ ಹೊಗೆಯಾಡುವ ಒಲೆಯ ಮುಂದೆ ಕುಳಿತಾಗ ತಿಳಿಯುತ್ತದೆ. ಭೂಗೋಲದ ಪಾಠವೂ ಅಲ್ಲಿಯೇ ಉಂಟು. ಉತ್ತರದ ಧ್ರುವನಕ್ಷತ್ರವು ದಿಗಂತದಿಂದ ಎಷ್ಟು ಎತ್ತರವೋ ಸುಮಾರಾಗಿ ಅಷ್ಟೇ ಆ ಊರಿನ ಅಕ್ಷಾಂಶ. ಚಾಚಿದ ಕೈಯ ಮುಷ್ಟಿಯೊಂದು ಸುಮಾರು ೧೦ ಅಂಶಗಳನ್ನು ಮರೆಮಾಡುತ್ತದೆ. ಜತ್ತ ಭಾಗದ ಅಕ್ಷಾಂಶ ಸುಮಾರು ೧೭; ಅಂದರೆ ಎರಡು ಮುಷ್ಟಿಗಳಿಗೆ ತುಸು ಕಡಿಮೆ ಎತ್ತರದಲ್ಲಿ ಧ್ರುವನು ಕಾಣುವನು. ಕಾಶ್ಮೀರದ ಶ್ರೀನಗರದಲ್ಲಿ ಅವನೇ ಇದಕ್ಕೆ ಇಮ್ಮಡಿ ಎತ್ತರದಲ್ಲಿರುವನು.

೩. ಸ್ವಾತಂತ್ರ್ಯವೂ ಅದರ ಬೆಲೆಯೂ

ಪರದೇಶಗಳಲ್ಲಿ ಇದಕ್ಕೆ ಕಾಯದೆಯ ಆಧಾರವುಂಟು. ಸ್ವೀಡನ್ ದೇಶದಲ್ಲಿ ‘ಎಲ್ಲರ ಹಕ್ಕು’ ಎಂಬ ಹಳೆಯ ಸಂಪ್ರದಾಯವಿದ್ದು, ಮನೆಗಳಿಂದ ದೂರವಾಗಿ ಒಂದೆರಡು ರಾತ್ರಿ ಡೇರೆ ಹಾಕಲು ಯಾರಿಗೂ ಅಡ್ಡಿಯಿಲ್ಲ. ನೆಲವನ್ನು ಕೆಡಿಸಬಾರದು, ಪರರಿಗೆ ತೊಂದರೆಯಾಗಬಾರದು ಎಂಬದೇ ಅದರ ಸಾರ. ಸ್ಕಾಟ್ಲೆಂಡಿನಲ್ಲಿ ೨೦೦೩ರ ಭೂಸುಧಾರಣಾ ಕಾಯದೆಯು ಜನರಿಗೆ ಇಂತಹುದೇ ಹಕ್ಕನ್ನು ಕೊಟ್ಟಿತು. ಆದರೆ ಅಲ್ಲಿ ಲಾಕ್ ಲೋಮಂಡ್ ಎಂಬ ರಮ್ಯ ಸರೋವರದ ಸುತ್ತ ಏನಾಯಿತೆಂಬದು ವಿಚಾರಾರ್ಹ. ಬಂದವರು ಕಸವನ್ನು ಬಿಟ್ಟುಹೋದರು, ಉರಿಗಾಗಿ ಹಸಿ ಮರಗಳನ್ನು ಕಡಿದರು, ದಂಡೆಯ ಹುಲ್ಲನ್ನು ಸುಟ್ಟರು. ಪರಿಣಾಮವಾಗಿ ೨೦೧೭ರ ಮಾರ್ಚ್ ೧ರಿಂದ, ಮಾರ್ಚ್‌ನಿಂದ ಸಪ್ಟೆಂಬರ್‌ವರೆಗೆ, ಆ ಸರೋವರದ ದಂಡೆಯ ಅನೇಕ ಭಾಗಗಳಲ್ಲಿ ಪರವಾನಿಗೆಯಿಲ್ಲದೆ ತಂಗುವದು ನಿಷಿದ್ಧವಾಯಿತು. ಕೆಲವರ ಅವಿವೇಕದಿಂದ ಎಲ್ಲರ ಹಕ್ಕಿಗೆ ಬೇಲಿ ಬಿದ್ದಿತು.

ನಮ್ಮ ದೇಶದಲ್ಲಿ ಬೇಕಾದಲ್ಲಿ ಬೀಡು ಬಿಡುವ ಸಾಮಾನ್ಯ ಹಕ್ಕು ಯಾರಿಗೂ ಇಲ್ಲವೆಂಬದನ್ನು ನೆನಪಿಡಬೇಕು. ಕಾಯ್ದಿಟ್ಟ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಪ್ರವೇಶಿಸುವದು, ಬೆಂಕಿ ಹೊತ್ತಿಸುವದು ೧೯೨೭ರ ಭಾರತೀಯ ಅರಣ್ಯ ಕಾಯದೆಯಂತೆ ಅಪರಾಧ. ನಮ್ಮ ಸಾಂಗಲಿ ಜಿಲ್ಲೆಯ ಸಾಗರೇಶ್ವರದಂತಹ ಅಭಯಾರಣ್ಯಗಳಿಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯದೆಯು ಅನ್ವಯಿಸುತ್ತದೆ. ಗಾಯರಾಣವಾದರೆ ಗ್ರಾಮ ಪಂಚಾಯತಿಯನ್ನೂ, ಹೊಲವಾದರೆ ಒಡೆಯನನ್ನೂ, ಅಡವಿಯಾದರೆ ಅರಣ್ಯ ಇಲಾಖೆಯನ್ನೂ ಮೊದಲೇ ಕೇಳತಕ್ಕದ್ದು. ಕೇಳುವದು ಅವಮಾನವಲ್ಲ, ನಿತ್ಯವೂ ನೆಲದ ಮೇಲೆ ಬಾಳುವ ಕುರುಬನೂ ಕೇಳಿಯೇ ಇಳಿಯುತ್ತಾನೆ.

೪. ಬೀಡಿನ ವಿಧಾನ

ಸ್ಥಳ: ಹಳ್ಳದ ಮರಳು ಮೃದುವೆಂದು ಅಲ್ಲಿ ಮಲಗಬಾರದು. ಮೇಲ್ಭಾಗದಲ್ಲೆಲ್ಲೋ ಮಳೆಯಾದರೆ, ಇಲ್ಲಿ ಆಕಾಶ ತಿಳಿಯಾಗಿರುವಾಗಲೇ ಹಳ್ಳ ತುಂಬಿ ಬರಬಹುದು. ಬೇಸಿಗೆಯ ಕೊನೆಗೆ ಗುಡುಗು ಸಿಡಿಲಿನ ಮಳೆ ಬರುವ ಕಾಲದಲ್ಲಿ ಒಂಟಿ ಮರದ ಕೆಳಗೂ ಬೋಳು ದಿಬ್ಬದ ತಲೆಯ ಮೇಲೂ ನಿಲ್ಲಬಾರದು. ಸಿಡಿಲು ಸಾಮಾನ್ಯವಾಗಿ ಎತ್ತರದ ವಸ್ತುವನ್ನೇ ಹಿಡಿಯುತ್ತದೆ.

ನೀರು: ಕೆರೆಯ ದಂಡೆಯ ಮೇಲೆಯೇ ಬೀಡು ಬಿಡದೆ ಸುಮಾರು ೬೦ ಮೀಟರು, ಎಂದರೆ ದೊಡ್ಡವರ ೭೦–೮೦ ಹೆಜ್ಜೆಗಳಷ್ಟು ದೂರದಲ್ಲಿರಬೇಕು. ಇದಕ್ಕೆ ಎರಡು ಕಾರಣಗಳುಂಟು. ಪಾತ್ರೆ ತೊಳೆದ ನೀರು, ಸಾಬೂನು, ಮಲಿನಗಳು ನೇರವಾಗಿ ಕೆರೆಗೆ ಸೇರದೆ ಮಣ್ಣಿನಲ್ಲಿ ಇಂಗಿ ಶುದ್ಧವಾಗಲು ಅವಕಾಶ ಬೇಕು. ಇನ್ನೊಂದು, ರಾತ್ರಿಯಲ್ಲಿ ನರಿ, ಮೊಲ, ತೋಳಗಳು ನೀರಿಗೆ ಬರುವ ದಾರಿಯನ್ನು ನಾವು ಕಟ್ಟಬಾರದು. ಒಣಸೀಮೆಯಲ್ಲಿ ಸುತ್ತಮುತ್ತ ಅದೊಂದೇ ನೀರಿನ ಆಸರೆಯಾಗಿರಬಹುದು. ಮಹಾರಾಷ್ಟ್ರದಲ್ಲಿ ೧೯೭೨ರ ಭೀಕರ ಬರಗಾಲದ ಕಾಮಗಾರಿಗಳಲ್ಲಿ ಹಸಿದ ಜನರು ಮಣ್ಣು ಹೊತ್ತು ಎಷ್ಟೋ ಕೆರೆಗಳನ್ನು ಕಟ್ಟಿದರು. ಅಂತಹ ನೀರಿಗೆ ಕಸ ಎಸೆಯುವ ಕೈಯನ್ನು ಏನೆನ್ನಬೇಕು? ಕುಡಿಯುವ ನೀರನ್ನು ಸೋಸಿ, ಕುದಿಬಂದ ಮೇಲೂ ಒಂದು ನಿಮಿಷ ಕುದಿಸಿ ಆರಿಸಿಕೊಳ್ಳತಕ್ಕದ್ದು.

ಬೆಂಕಿ: ಬೀಡಿನ ಅಪಾಯಗಳಲ್ಲಿ ಇದೇ ದೊಡ್ಡದು. ೨೦೧೮ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದ ಒಣ ಹುಲ್ಲಿಗೆ ಬಿದ್ದ ಬೆಂಕಿಯಲ್ಲಿ ಚಾರಣಕ್ಕೆ ಹೋಗಿದ್ದ ಇಪ್ಪತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಗಾಳಿಯೊಡನೆ ಏರುಮುಖವಾಗಿ ಓಡುವ ಬೆಂಕಿಯನ್ನು ಮನುಷ್ಯನ ಕಾಲು ಮೀರಲಾರದು. ಆದುದರಿಂದ ಮಾಘ ಕಳೆದು ಹುಲ್ಲು ಒಣಗಿದ ಮೇಲೆ ಬಯಲಿನಲ್ಲಿ ಉರಿ ಹಾಕುವ ಮಾತೇ ಬೇಡ. ಸಜ್ಜೆಯ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಇವು ಹಲವು ದಿನ ಕೆಡದ ಬುತ್ತಿ. ನಮ್ಮ ತಾಯಂದಿರು ಇದನ್ನು ಎಂದೋ ಕಂಡುಹಿಡಿದಿರುವರು. ಉಳಿದ ಕಾಲದಲ್ಲಿ ಅಪ್ಪಣೆಯಿದ್ದರೆ, ಹುಲ್ಲು ಕೆತ್ತಿದ ಬರಿ ಮಣ್ಣಿನ ಮೇಲೆ ಮೂರು ಕಲ್ಲಿಟ್ಟು, ತಾನಾಗಿ ಬಿದ್ದ ಒಣ ಪುರಳೆಗಳಿಂದ ಸಣ್ಣ ಉರಿ ಮಾಡಬಹುದು. ಬೂದಿಯೊಳಗಿನ ಕೆಂಡವು ರಾತ್ರಿಯೆಲ್ಲ ಜೀವ ಹಿಡಿದಿರುತ್ತದೆ. ನೀರು ಸುರಿದು, ಕಡ್ಡಿಯಿಂದ ಕಲಕಿ, ಮತ್ತೆ ಸುರಿದು, ಅಂಗೈಯ ಹಿಂಬದಿಗೆ ಬಿಸಿ ತಗಲದೆ ಇದ್ದಾಗಲೇ ಉರಿ ಆರಿತೆಂದು ತಿಳಿಯಬೇಕು.

ಶೌಚ ಮತ್ತು ಕಸ: ನೀರಿನಿಂದ ಅದೇ ೬೦ ಮೀಟರು ದೂರದಲ್ಲಿ ಗೇಣುದ್ದಕ್ಕಿಂತ ತುಸು ಕಡಿಮೆ, ೬ ರಿಂದ ೮ ಅಂಗುಲ ಆಳದ ಗುಣಿ ತೋಡಿ, ಬಳಿಕ ಮುಚ್ಚತಕ್ಕದ್ದು. ಮಲವನ್ನು ಕೊಳೆಯಿಸಿ ಮಣ್ಣಾಗಿಸುವ ಸೂಕ್ಷ್ಮಜೀವಿಗಳು ಮೇಲಿನ ಪದರಿನಲ್ಲಿಯೇ ಹೆಚ್ಚು. ಬಹಳ ಆಳಕ್ಕೆ ಹೋದರೆ ಕೊಳೆಯುವದು ತಡವಾಗುತ್ತದೆ. ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಹೂಳಬಾರದು, ಸುಡಲೂ ಬಾರದು; ತಂದವರೇ ಮರಳಿ ಒಯ್ಯಬೇಕು. ಅವನ್ನು ತಿಂದ ದನದ ಹೊಟ್ಟೆಯಿಂದ ಯಾವ ವೈದ್ಯನೂ ಸುಲಭವಾಗಿ ತೆಗೆಯಲಾರನು.

ವಿಷಜಂತು: ಕಲ್ಲುಭೂಮಿಯಲ್ಲಿ ಉರಿಮಂಡಲ, ಹೊಲದಲ್ಲಿ ನಾಗರ ಹಾಗೂ ಕೊಳಕುಮಂಡಲ, ರಾತ್ರಿಯಲ್ಲಿ ಕಟ್ಟುಹಾವು ಇವು ಎಚ್ಚರಿಕೆಯಿಂದಿರಬೇಕಾದ ಹಾವುಗಳು. ಕಟ್ಟುಹಾವು ನೆಲದಲ್ಲಿ ಮಲಗಿದವರನ್ನು ಕಚ್ಚುವದುಂಟು. ಎಷ್ಟೋ ಸಲ ನೋವೇ ತಿಳಿಯುವದಿಲ್ಲ. ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿದ ಸೊಳ್ಳೆಪರದೆಯು ಒಳ್ಳೆಯ ರಕ್ಷಣೆ. ಹಾವು ಕಚ್ಚಿದರೆ ಗಾಯ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಮಂತ್ರಕ್ಕೆ ಕಾಯಬಾರದು. ಕಚ್ಚಿದ ಅಂಗವನ್ನು ಅಲುಗಿಸದೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಕೆಂಪು ಚೇಳೂ ಪ್ರಾಣಘಾತಕವಾಗಬಹುದು. ಮಹಾರಾಷ್ಟ್ರದ ಮಹಾಡದಲ್ಲಿ ವೈದ್ಯ ಹಿಮ್ಮತರಾವ್ ಬಾವಸ್ಕರರು ಪ್ರಾಜೋಸಿನ್ ಎಂಬ ಔಷಧಿಯಿಂದ ಚೇಳು ಕಡಿದ ಅನೇಕರನ್ನು ಬದುಕಿಸಿ ಜಗತ್ತಿಗೆ ದಾರಿ ತೋರಿದರು. ಆದುದರಿಂದ ಚೇಳು ಕಡಿದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆ ಪಾದರಕ್ಷೆ ಝಾಡಿಸದೆ ಕಾಲಿಡಬಾರದು.

೫. ಪಾಲಕರಲ್ಲಿ ಒಂದು ಮಾತು

ಮಕ್ಕಳನ್ನು ಒಬ್ಬಂಟಿಯಾಗಿ ಕಳಿಸಬೇಕೆಂದು ನಾವು ಹೇಳುವದಿಲ್ಲ. ಅನುಭವವುಳ್ಳ ಹಿರಿಯರೊಡನೆ, ಊರಿನ ಸಮೀಪದಲ್ಲಿ, ಹೋದ ಸ್ಥಳ ಮತ್ತು ಮರಳುವ ವೇಳೆಯನ್ನು ತಿಳಿಸಿ ಒಂದು ರಾತ್ರಿ ತಂಗಿಸಿದರೆ ಸಾಕು. ಹೊಲದ ನಡುವಿನ ಮನೆಯಂಗಳವಾದರೂ ಮೊದಲ ಪಾಠಶಾಲೆಯಾದೀತು. ಗಾಯರಾಣಗಳು ಒತ್ತುವರಿಯಿಂದ ಕಿರಿದಾಗುವಲ್ಲಿ ಕುರುಬರ ದಾರಿಗಳೂ ಕಿರಿದಾಗುವವು. ಅವರೊಡನೆ ಈ ವಿದ್ಯೆಯೂ ಮರೆಯಾಗುವದು. ಸಾಮೂಹಿಕ ನೆಲವು ಯಾರದ್ದೂ ಅಲ್ಲವೆಂದು ಬಗೆದರೆ ಅದು ಉಳಿಯದು. ಎಲ್ಲರದ್ದೆಂದು ಬಗೆದರೆ ಮಾತ್ರ ಉಳಿದೀತು. ಅಲ್ಲಿ ಒಂದು ರಾತ್ರಿ ಮಲಗಿ, ನಸುಕಿನಲ್ಲಿ ತಾನು ಮಲಗಿದ ಜಾಗವನ್ನು ಗುಡಿಸಿ ಬಂದ ಬಾಲಕನು ಮುಂದೆ ಆ ನೆಲದ ಪರವಾಗಿ ಮಾತಾಡುವನು.

ಅಭ್ಯಾಸ

(೧) ನಿಮ್ಮ ಊರಿಗೆ ಬರುವ ಕುರುಬರನ್ನು ವಿನಯದಿಂದ ಕಂಡು, ಬೀಡಿಗೆ ನೆಲವನ್ನು ಹೇಗೆ ಆರಿಸುವರೆಂದು ಕೇಳಿ ಬರೆಯಿರಿ.
(೨) ನಿಮ್ಮ ಊರಿನ ಕೆರೆಯನ್ನು ಯಾರು, ಯಾವಾಗ ಕಟ್ಟಿದರೆಂಬದನ್ನು ಹಿರಿಯರಿಂದ ತಿಳಿಯಿರಿ.
(೩) ಮುಷ್ಟಿಯಿಂದ ಧ್ರುವನಕ್ಷತ್ರದ ಎತ್ತರವನ್ನು ಅಳೆದು, ನಕಾಶೆಯಲ್ಲಿಯ ಅಕ್ಷಾಂಶದೊಡನೆ ಹೋಲಿಸಿರಿ.
(೪) ಕೆರೆಯ ದಂಡೆಯಿಂದ ೬೦ ಮೀಟರು ದೂರಕ್ಕೆ ನಿಮ್ಮ ಹೆಜ್ಜೆ ಎಷ್ಟು? ಎಣಿಸಿ ನೋಡಿರಿ.
(೫) ಲಾಕ್ ಲೋಮಂಡ್ ಸರೋವರದ ಕಥೆಯಿಂದ ನಮ್ಮ ಗಾಯರಾಣಗಳ ವಿಷಯದಲ್ಲಿ ಕಲಿಯತಕ್ಕದ್ದೇನು?