ಕ್ವಾರಿ ಕೆಲಸಕ್ಕೆ ಇಳಿಯುವ ಮುನ್ನ

(ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ 24ರ ಯುವಕನೊಬ್ಬ ಕಲ್ಲು ಕ್ವಾರಿಯಲ್ಲಿ ಡ್ರಿಲ್ಲರ್ ಸಹಾಯಕನಾಗಿದ್ದಾನೆ. ತರಬೇತಿ ಕೊಟ್ಟಿಲ್ಲ, ಕೇಳಿದರೆ ‘ನೋಡ್ಕೊಂಡು ಕಲಿ’ ಎನ್ನುತ್ತಾರೆ. ಕೆಮ್ಮು ಶುರುವಾಗಿದೆ.)

ನೋಡಿ ಕಲಿಯುವ ಕೆಲಸ ಇದಲ್ಲ. ಕಲ್ಲು ಕ್ವಾರಿಯೂ ಕಾನೂನಿನ ಪ್ರಕಾರ ಗಣಿಯೇ. ಹಾಗಾಗಿ ತರಬೇತಿ ಕೊಡಿಸುವುದು ಮಾಲೀಕರ ಹೊಣೆ. ಲಿಖಿತವಾಗಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಕೊಡದಿದ್ದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ದೂರು ಬರೆಯಿರಿ.

ತರಬೇತಿ ಸಿಗುವವರೆಗೆ ಸ್ಫೋಟಕ ಮುಟ್ಟಲೇಬೇಡಿ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತರು. ಸಿಡಿಯದೆ ಉಳಿದ ಕುಳಿಯ ಹತ್ತಿರ ಸುಳಿಯಬೇಡಿ, ಅದರಲ್ಲಿ ಮತ್ತೆ ಡ್ರಿಲ್ ಇಳಿಸಲು ಒಪ್ಪಬೇಡಿ. ಅಂಥ ಕುಳಿಯನ್ನು ನಿಭಾಯಿಸುವುದು ಪರವಾನಗಿ ಪಡೆದ ಬ್ಲಾಸ್ಟರ್‌ನ ಕೆಲಸ. ಮೆಟ್ಟಿಲಿಲ್ಲದೆ ನೆಟ್ಟಗೆ ಕಡಿದ ಗೋಡೆಯ ಬುಡದಲ್ಲಿ, ಅದರಲ್ಲೂ ಮಳೆ ಬಂದ ಮರುದಿನ, ನಿಲ್ಲಬೇಡಿ.

ಕೆಮ್ಮನ್ನು ಹಗುರವಾಗಿ ಕಾಣಬೇಡಿ. ಕಲ್ಲುಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ವಾಸಿಯಾಗದು, ತಡೆಯಬಹುದು ಅಷ್ಟೆ. ನೀರು ಹಾಯಿಸಿ ಕೊರೆಯಲು ಹೇಳಿ. ಮುಖಕ್ಕೆ ಟವೆಲ್ ಕಟ್ಟಿದರೆ ಸಾಲದು, ಧೂಳಿಗೆಂದೇ ಮಾಡಿದ ರೆಸ್ಪಿರೇಟರ್ ಬೇಕು.

ಈ ವಾರವೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋಗಿ, ಎದೆಯ ಎಕ್ಸ್-ರೇ, ಕಫ ಪರೀಕ್ಷೆ ಮಾಡಿಸಿ. ಕ್ವಾರಿಯಲ್ಲಿ ಎಷ್ಟು ತಿಂಗಳಿಂದ ಇದ್ದೀರಿ ಎಂದು ವೈದ್ಯರಿಗೆ ಮೊದಲೇ ಹೇಳಿ. ಕಫದಲ್ಲಿ ರಕ್ತ ಕಂಡರೆ ಅಥವಾ ಏದುಸಿರು ಬಂದರೆ ಅಂದೇ ಹೊರಡಿ.