ತೋಟದ ಕೋವಿ: ಸೇಫ್ಟಿ ಇರುವುದೋ, ಹ್ಯಾಮರಿನದ್ದೋ?

ಗದ್ದೆಯಲ್ಲಿ ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿ ಕಾಟ ಶುರುವಾಗುತ್ತದೆ. ಆಗ ನಮ್ಮ ಕೊಡಗಿನ ಕಡೆ ಹೊಸಬರು ಕೇಳುವ ಪ್ರಶ್ನೆ ಇದು: "ಸೇಫ್ಟಿ ಇರೋ ಕೋವಿ ತಗೊಳ್ಳಲಾ, ಹ್ಯಾಮರಿನದ್ದೇ ಸಾಕಾ?" ತೋಟದಲ್ಲಿ ಮನೆಯವರು, ಆಳುಗಳು ಓಡಾಡುತ್ತಾರೆ. ಹಾಗಾಗಿ ರೇಟು ನೋಡುವುದಕ್ಕೆ ಮೊದಲು ಈ ವಿಷಯ ತಿಳಿದುಕೊಳ್ಳಿ.

ಮೊದಲಿಗೆ ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ಇರಲಿ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಇರಲಿ, ಅದು ಕೋವಿ ಇಟ್ಟುಕೊಳ್ಳಲು ಮಾತ್ರ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಂದಿ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಹ್ಯಾಮರ್ ಕೋವಿ: ಕುದುರೆ ಹೊರಗೇ ಕಾಣುತ್ತದೆ. ಎಳೆದಿದೆಯೋ ಇಲ್ಲವೋ ಅಂತ ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ, ಇದೇ ಅದರ ದೊಡ್ಡ ಗುಣ. ಅಪಾಯ ಇರುವುದು ಎಳೆದ ಕುದುರೆಯನ್ನು ಇಳಿಸುವಾಗ. ಮಳೆಯಲ್ಲಿ ಹೆಬ್ಬೆರಳು ಜಾರಿದರೆ ಈಡು ಹಾರಿತು ಅಂತಲೇ ಲೆಕ್ಕ. ಎಳೆದ ಮೇಲೂ ಮಡಚಲು ಬರುವ ಕೋವಿಯಾದರೆ ಮೊದಲು ಮಡಚಿ, ತೋಟಾ ತೆಗೆದು, ಆಮೇಲೆ ಕುದುರೆ ಇಳಿಸಿ. ತುಂಬಾ ಹಳೆಯ ಕೆಲವು ಕೋವಿಗಳಲ್ಲಿ ಇಳಿಸಿದ ಕುದುರೆ ಪಿನ್ನಿನ ಮೇಲೇ ಕೂತಿರುತ್ತದೆ. ಅಂಥದ್ದರಲ್ಲಿ ತೋಟಾ ಇದ್ದು ಕಲ್ಲಿಗೆ ಬಡಿದರೂ ಸಾಕು.

ಹ್ಯಾಮರ್ ಕಾಣದ ಕೋವಿ: ಜೋಡಿ ನಳಿಗೆಯ ಇಂಥ ಕೋವಿಯನ್ನು ಮಡಚಿದರೆ ಒಳಗಿನ ಹ್ಯಾಮರ್ ತಾನಾಗಿ ಎಳೆದುಕೊಳ್ಳುತ್ತದೆ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಇದಕ್ಕೆ ಸೇಫ್ಟಿ ಬೇಕೇ ಬೇಕು. ಸೇಫ್ಟಿಯಲ್ಲಿ ಎರಡು ಬಗೆ. ಒಂದು, ನಾವೇ ಹಾಕಬೇಕಾದದ್ದು. ಇನ್ನೊಂದು, ಪ್ರತಿ ಸಲ ಕೋವಿ ಮಡಚಿದಾಗ ತಾನೇ ಬೀಳುವುದು. ರಾತ್ರಿ ಗಡಿಬಿಡಿಯಲ್ಲಿ ಮರೆಯುವುದು ಸಹಜ. ಹಾಗಾಗಿ ಹೊಸಬರಿಗೆ ನಾನು ತಾನೇ ಬೀಳುವ ಸೇಫ್ಟಿಯನ್ನೇ ಹೇಳುತ್ತೇನೆ.

ಆದರೆ ಒಂದು ಮಾತು ನೆನಪಿಡಿ. ಬಹುಪಾಲು ಜೋಡಿ ನಳಿಗೆ ಕೋವಿಗಳಲ್ಲಿ ಸೇಫ್ಟಿ ಹಿಡಿದಿಡುವುದು ಟ್ರಿಗರನ್ನು ಮಾತ್ರ, ಹ್ಯಾಮರನ್ನಲ್ಲ. ಒಳಗಿನ ಕೊಕ್ಕೆ ಸವೆದಿದ್ದರೆ, ಕೈಜಾರಿ ಬಿದ್ದಾಗ ಸೇಫ್ಟಿ ಹಾಕಿದ್ದರೂ ಈಡು ಹಾರಬಹುದು.

ಪಿಸ್ತೂಲಿನಲ್ಲೂ ಇದೇ ವಾದ ಇದೆ. 1911ರಲ್ಲಿ ಅಮೆರಿಕದ ಸೇನೆ ತೆಗೆದುಕೊಂಡ ಕೋಲ್ಟ್ ಪಿಸ್ತೂಲಿಗೆ ಹೆಬ್ಬೆರಳಿನ ಸೇಫ್ಟಿಯೂ ಇದೆ, ಹಿಡಿಯ ಸೇಫ್ಟಿಯೂ ಇದೆ. 1980ರ ದಶಕದಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿದ ಗ್ಲಾಕ್‌ಗೆ ಹೊರಗೆ ಅಂಥ ಸನ್ನೆಯೇ ಇಲ್ಲ. ಟ್ರಿಗರ್ ಒತ್ತದೆ ಹಾರದಂತೆ ಒಳಗೇ ತಡೆಗಳಿವೆ. ರಿವಾಲ್ವರುಗಳಲ್ಲಿ ಹೆಚ್ಚಿನವಕ್ಕೂ ಸೇಫ್ಟಿ ಸನ್ನೆ ಇರುವುದಿಲ್ಲ, ಉದ್ದಕ್ಕೆ ಗಟ್ಟಿಯಾಗಿ ಎಳೆಯಬೇಕಾದ ಟ್ರಿಗರೇ ತಡೆ. ಅಂದರೆ ಸನ್ನೆ ಇದ್ದರೂ ಇಲ್ಲದಿದ್ದರೂ ಕೊನೆಗೆ ಕಾಯುವುದು ಬೆರಳಿನ ಅಭ್ಯಾಸವೇ.

ಕೊಳ್ಳುವ ಮುಂಚೆ ಹೀಗೆ ನೋಡಿ:

1. ನಳಿಗೆ ಖಾಲಿ ಅಂತ ಎರಡು ಸಲ ಕಣ್ಣಲ್ಲಿ ನೋಡಿ.
2. ಡಮ್ಮಿ ತೋಟಾ ಹಾಕಿ, ಸೇಫ್ಟಿ ಇಟ್ಟು ಟ್ರಿಗರ್ ಒತ್ತಿ. ಹ್ಯಾಮರ್ ಬೀಳಬಾರದು. ಟ್ರಿಗರಿನಿಂದ ಬೆರಳು ತೆಗೆದು ಸೇಫ್ಟಿ ತೆಗೆಯಿರಿ. ಆಗಲೂ ಬೀಳಬಾರದು.
3. ಸೇಫ್ಟಿ ಸಡಿಲವಾಗಿ ಜಾರುತ್ತದೋ, ತುಕ್ಕಿಗೆ ಬಿಗಿದಿದೆಯೋ ನೋಡಿ. ಎರಡೂ ಬೇಡ.
4. ಹಳೆಯ ಕೋವಿಯಾದರೆ ಪರವಾನಗಿ ಇರುವ ರಿಪೇರಿಯವರಿಗೆ ತೋರಿಸಿಯೇ ದುಡ್ಡು ಕೊಡಿ.

ನಮ್ಮ ಮಳೆಗೆ ಸೇಫ್ಟಿಯೂ ತುಕ್ಕು ಹಿಡಿಯುತ್ತದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್‌ಗೆ ಕೋವಿ ಒರೆಸಿ ತೋಕ್ ಪೂ ಇಡುತ್ತೇವಲ್ಲ, ಆ ದಿನವೇ ಈ ಪರೀಕ್ಷೆಯನ್ನೂ ಮುಗಿಸಿಬಿಡಿ.

ಬೇಲಿ ದಾಟುವಾಗ, ಏರಿ ಹತ್ತುವಾಗ, ಜೀಪಿಗೆ ಏರುವಾಗ ಸೇಫ್ಟಿ ನಂಬಬೇಡಿ, ತೋಟಾ ತೆಗೆಯಿರಿ. ಮನೆಯೊಳಗೆ ತುಂಬಿದ ಕೋವಿ ಬರಲೇಬಾರದು. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದರಲ್ಲಿ ಇರಲಿ. ಮಕ್ಕಳಿರುವ ಮನೆಯಲ್ಲಿ ಎರಡು ಬೀಗದ ಕೈಯೂ ದೊಡ್ಡವರ ಹತ್ತಿರವೇ ಇರಬೇಕು. ಹಂದಿ ತಿಂದ ಭತ್ತ ಮುಂದಿನ ವರ್ಷ ಮತ್ತೆ ಬೆಳೆಯುತ್ತದೆ, ಹೋದ ಜೀವ ಬರುವುದಿಲ್ಲ.